ಬೂದಿಯೋ, ಗೋಧಿಯೋ?

ಒಂದು ದಿನ ಸುಮ್ಮನೆ ಲೆಕ್ಕ ಹಾಕಿ ನೋಡಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಮಕ್ಕಳ ಜೊತೆ ನೀವು ಎಷ್ಟು ಕನ್ನಡ ವಾಕ್ಯ ಆಡುತ್ತೀರಿ? ಕನ್ನಡದ ಬಗ್ಗೆ ಕಾಳಜಿ ಇರುವ ಮನೆಯಾದರೆ ಸಂಖ್ಯೆ ಸಣ್ಣದೇನೂ ಇರುವುದಿಲ್ಲ. ಏಳು, ಹಲ್ಲುಜ್ಜು, ತಿಂಡಿ ತಿನ್ನು, ಶೂಸ್ ಹಾಕ್ಕೋ, ಬೇಗ ಬಾ, ಕೈ ತೊಳ್ಕೋ, ಮಲಗು. ಈಗ ಇನ್ನೊಂದು ಲೆಕ್ಕ ಹಾಕಿ. ಮಗುವಿನ ಅಭಿಪ್ರಾಯ ಕೇಳಿದ ವಾಕ್ಯ ಅದರಲ್ಲಿ ಎಷ್ಟು? ಬೇಸಿಗೆಗೆ ಯಾವ ಕ್ಯಾಂಪ್, ಟಾಹೋಗೆ ಈ ವಾರ ಹೋಗೋಣವೋ ಮುಂದಿನ ವಾರವೋ, ಪಿಯಾನೋ ಮುಂದುವರಿಸೋದಾ ಬಿಡೋದಾ. ಇಂಥ ಮಾತು ಬಂದ ತಕ್ಷಣ ನಮ್ಮ ನಾಲಿಗೆ ತಾನಾಗಿ ಇಂಗ್ಲಿಷಿಗೆ ಜಾರುತ್ತದೆ. ಬೇಗ ಮುಗಿಯಲಿ, ಮಗುವಿಗೆ ಸರಿಯಾಗಿ ಅರ್ಥವಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ.

ಮಗುವಿನ ಕಡೆಯಿಂದ ನೋಡಿದರೆ ಇದರ ಅರ್ಥ ಬೇರೆ. ಕನ್ನಡದಲ್ಲಿ ನನಗೆ ಹೇಳುತ್ತಾರೆ, ಇಂಗ್ಲಿಷಿನಲ್ಲಿ ನನ್ನನ್ನು ಕೇಳುತ್ತಾರೆ. ಎಂಟು ಒಂಬತ್ತು ವರ್ಷಕ್ಕೆ ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿದಾಗ ನಾವು ಶಾಲೆಯನ್ನೋ ಸ್ನೇಹಿತರನ್ನೋ ದೂರುತ್ತೇವೆ. ಆ ಹೊತ್ತಿಗೆ ಮಗುವಿಗೆ ಸ್ವಂತ ಅಭಿಪ್ರಾಯಗಳು ಬಂದಿರುತ್ತವೆ, ಅವನ್ನು ಹೇಳಲು ಬೇಕಾದ ಕನ್ನಡ ಮಾತ್ರ ಬಂದಿರುವುದಿಲ್ಲ ಎಂಬುದೂ ಒಂದು ಕಾರಣ.

ಹಾಗಾಗಿ ಈ ಸಲ ಈ ಅಂಕಣದಲ್ಲಿ ಪುಸ್ತಕವೂ ಇಲ್ಲ, ಹಬ್ಬವೂ ಇಲ್ಲ. ಮನೆಯ ಗೋಡೆಗೆ ಬಣ್ಣ ಆರಿಸುವ ಕೆಲಸವನ್ನು ತೆಗೆದುಕೊಳ್ಳೋಣ. ಎರಡು ಬಣ್ಣ, ಒಂದು ಗೋಡೆ, ಒಂದು ವಾರ. ಮಗು ಕಣ್ಣಾರೆ ನೋಡಬಹುದಾದ, ವಾದ ಮಾಡಬಹುದಾದ, ನಿಜವಾಗಿ ಗೆಲ್ಲಬಹುದಾದ ತೀರ್ಮಾನ.

ಮೊದಲು ದೊಡ್ಡವರ ಪಾಲಿನ ಕೆಲಸ

ಪೇಂಟ್ ಅಂಗಡಿಯ ಶೇಡ್ ಕಾರ್ಡ್‌ಗಳ ಗೋಡೆಯ ಮುಂದೆ ಮಗುವನ್ನು ನಿಲ್ಲಿಸಿ "ಯಾವುದು ಬೇಕು?" ಎಂದು ಕೇಳಬೇಡಿ. ಅದು ಕೊಳವೆಗಟ್ಟಲೆ ನೇರಳೆ ಬಣ್ಣ ತೋರಿಸುತ್ತದೆ, ನೀವು "ಅದು ಬೇಡ ಕಂದ" ಎನ್ನುತ್ತೀರಿ, ಅಲ್ಲಿಗೆ ಮುಗಿಯಿತು. ಸಾವಿರ ಬಣ್ಣವನ್ನು ಎರಡಕ್ಕೆ ಇಳಿಸುವುದು ದೊಡ್ಡವರ ಕೆಲಸ. ಎರಡರಲ್ಲಿ ಯಾವುದು ಗೆದ್ದರೂ ನಿಮ್ಮಿಬ್ಬರಿಗೂ ಒಪ್ಪಿಗೆ ಇರಬೇಕು. ಈ ಒಂದು ಷರತ್ತು ಪೂರೈಸಿದರೆ ಉಳಿದದ್ದನ್ನು ಧೈರ್ಯವಾಗಿ ಮಕ್ಕಳ ಕೈಗೆ ಕೊಡಬಹುದು.

ಉದಾಹರಣೆಗೆ ಡ್ಯಾನ್‌ವಿಲ್‌ನ ಒಂದು ಲಿವಿಂಗ್ ರೂಮ್ ಇಟ್ಟುಕೊಳ್ಳೋಣ. ಇಲ್ಲಿ ಬಹಳ ಮನೆಗಳಲ್ಲಿ ಕೊನೆಗೆ ಉಳಿಯುವ ಜೋಡಿ ಒಂದಿದೆ: ಶೆರ್ವಿನ್-ವಿಲಿಯಮ್ಸ್‌ನ ಅಗ್ರೀಯಬಲ್ ಗ್ರೇ ಮತ್ತು ಅಕ್ಸೆಸಿಬಲ್ ಬೇಜ್. ಮೊದಲನೆಯದರ ಸಂಖ್ಯೆ 7029, ಎರಡನೆಯದರದು 7036. ಕಾರ್ಡಿನ ಹಿಂದೆ ಎಲ್‌ಆರ್‌ವಿ ಎಂಬ ಇನ್ನೊಂದು ಅಂಕಿಯೂ ಸಿಗುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಆ ಬಣ್ಣ ಕೋಣೆಗೆ ವಾಪಸ್ ಕೊಡುತ್ತದೆ ಎಂಬುದರ ಅಳತೆ ಅದು. ಕಡುಗಪ್ಪು 0ಯ ಹತ್ತಿರ, ಅಚ್ಚಬಿಳಿ 100ರ ಹತ್ತಿರ. ಅಗ್ರೀಯಬಲ್ ಗ್ರೇ 60, ಅಕ್ಸೆಸಿಬಲ್ ಬೇಜ್ 58. ಎರಡರ ಬೆಳಕೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಜಗಳ ಯಾತಕ್ಕೆ? ಒಳಗೆ ಅಡಗಿರುವ ಛಾಯೆಗೆ. ಒಂದು ಬೂದಿಯ ಕಡೆ ವಾಲುತ್ತದೆ, ಇನ್ನೊಂದು ಗೋಧಿಯ ಕಡೆ.

ಇಂಗ್ಲಿಷ್ ಹೆಸರುಗಳನ್ನು ಗಮನಿಸಿ. ಅವುಗಳಿಂದ ಬಣ್ಣ ಹೇಗಿದೆ ಎಂದು ಗೊತ್ತಾಗುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಎಲ್ಲೆಲ್ಲೂ ಕಾಣುವ ಸ್ವಿಸ್ ಕಾಫಿಯಲ್ಲಿ ನಮ್ಮ ಲೆಕ್ಕದ ಕಾಫಿ ಬಣ್ಣ ಒಂದು ತೊಟ್ಟೂ ಇಲ್ಲ, ಅದು ಬರೀ ಕೆನೆಬಿಳಿ. ಹಾಗಾಗಿ ಮನೆಗೆ ಬಂದ ಕೂಡಲೇ ಎರಡಕ್ಕೂ ಕನ್ನಡದಲ್ಲಿ ಮರುನಾಮಕರಣ ಮಾಡಿ. ಬೂದಿ ಮತ್ತು ಗೋಧಿ ಎಂದರೆ ಮಕ್ಕಳ ಬಾಯಿಗೆ ಪ್ರಾಸವೂ ಸಿಕ್ಕಿತು, ಒಂದು ವಾರ ಮನೆಯಲ್ಲಿ ಓಡಾಡಲು ಎರಡು ಹೆಸರೂ ಸಿಕ್ಕವು.

ಬೆಳಕಿನ ದಿನಚರಿ

ಬಣ್ಣವನ್ನು ನೇರವಾಗಿ ಹಳೆಯ ಗೋಡೆಗೆ ಅಂಗೈಯಗಲ ಬಳಿದು ನೋಡಿದರೆ ಹಿಂದಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಬಿಳಿ ರಟ್ಟುಗಳನ್ನು ತನ್ನಿ. ಸ್ಯಾಂಪಲ್ ಡಬ್ಬಿಯಿಂದ ಒಂದೊಂದಕ್ಕೆ ಎರಡು ಕೋಟ್ ಬಳಿಯಿರಿ, ಅಂಚಿನಲ್ಲಿ ಎರಡು ಬೆರಳಷ್ಟು ಬಿಳಿ ಬಿಡಿ. ಬಳಿಯುವ ಕೆಲಸ ಮಕ್ಕಳದೇ ಆಗಲಿ. ಹಸಿ ಇದ್ದಾಗ ಕಾಣುವ ಬಣ್ಣವೇ ಬೇರೆ, ಒಣಗಿದ ಮೇಲಿನದೇ ಬೇರೆ, ಆದ್ದರಿಂದ ಆ ದಿನ ತೀರ್ಪು ಬೇಡ. ಅಂಗಡಿಯಲ್ಲಿ ಸಿಗುವ ಅಂಟಿಸುವ ಸ್ಯಾಂಪಲ್ ಹಾಳೆ ತಂದರೂ ನಡೆಯುತ್ತದೆ, ಆದರೆ ಬ್ರಷ್ ಹಿಡಿಯುವ ಸಂತೋಷ ಹೋಗುತ್ತದೆ.

ಮಾರನೆಯ ದಿನದಿಂದ ರಟ್ಟುಗಳನ್ನು ಗೋಡೆಯಿಂದ ಗೋಡೆಗೆ ಸರಿಸುತ್ತಾ ಬನ್ನಿ. ಡ್ಯಾನ್‌ವಿಲ್‌ನ ಬೆಳಕಿಗೆ ತನ್ನದೇ ನಡೆ ಇದೆ. ಪೂರ್ವಕ್ಕೆ 3,849 ಅಡಿಯ ಮೌಂಟ್ ಡಯಾಬ್ಲೊ, ಪಶ್ಚಿಮಕ್ಕೆ ಲಾಸ್ ಟ್ರಾಂಪಾಸ್ ಬೆಟ್ಟದ ಸಾಲು, ನಡುವಿನ ಕಣಿವೆಯಲ್ಲಿ ಊರು. ಸಂಜೆ ಸೂರ್ಯ ಪಶ್ಚಿಮದ ಬೆಟ್ಟದ ಹಿಂದೆ ಇಳಿದ ಕೂಡಲೇ ಗೋಡೆಯ ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಉತ್ತರಕ್ಕೆ ಕಿಟಕಿ ಇರುವ ಕೋಣೆಗೆ ನೇರ ಬಿಸಿಲು ಬೀಳದೆ ದಿನವಿಡೀ ತುಸು ನೀಲಿ ಬೆರೆತ ತಂಪು ಬೆಳಕು ಬರುತ್ತದೆ, ಅಲ್ಲಿ ಬೂದಿ ಇನ್ನಷ್ಟು ಬೂದಿಯಾಗಿ ಕಾಣುತ್ತದೆ. ದಕ್ಷಿಣ, ಪಶ್ಚಿಮದ ಕೋಣೆಗಳಲ್ಲಿ ಗೋಧಿ ಹಳದಿಯ ಕಡೆ ಜಾರುತ್ತದೆ. ಕಿಟಕಿಯಾಚೆಯ ಬೆಟ್ಟಗಳೂ ಸುಮ್ಮನಿರುವುದಿಲ್ಲ. ಮಳೆಗಾಲ ಕಳೆದ ಮಾರ್ಚ್‌ನಲ್ಲಿ ಅವು ಎಳೆಹಸಿರು, ಆಗಸ್ಟ್‌ಗೆ ಒಣಹುಲ್ಲಿನ ಬಣ್ಣ. ರಾತ್ರಿ ದೀಪ ಹಾಕಿದ ಮೇಲೆ ಮತ್ತೊಂದು ಕಥೆ. ಬಲ್ಬಿನ ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು, 4000 ಎಂದಿದ್ದರೆ ಬಿಳಿಗೆ ಹತ್ತಿರ, 5000 ಎಂದಿದ್ದರೆ ನೀಲಿಯ ಕಡೆ. ಬಣ್ಣ ಆರಿಸುವ ಮೊದಲು ಬಲ್ಬ್ ಯಾವುದೆಂದು ಗೊತ್ತುಮಾಡಿಕೊಳ್ಳಿ.

ಗೋಡೆಯ ಪಕ್ಕ ಒಂದು ಹಾಳೆ ಅಂಟಿಸಿ. ಬೆಳಗ್ಗೆ 8, ಮಧ್ಯಾಹ್ನ 12, ಸಂಜೆ 6, ರಾತ್ರಿ 8 ಎಂದು ನಾಲ್ಕು ಸಾಲು. ಶಾಲೆ ಇರುವ ದಿನ ಎರಡು ಸಾಲಾದರೂ ಸಾಕು. ಪ್ರತಿ ಹೊತ್ತಿಗೂ ಮಗು ಎರಡು ರಟ್ಟು ನೋಡಿ ಒಂದು ವಾಕ್ಯ ಹೇಳಬೇಕು, ನೀವು ಅದನ್ನು ಕನ್ನಡದಲ್ಲಿ ಬರೆಯಬೇಕು. ವಾರಾಂತ್ಯದ ಕನ್ನಡ ತರಗತಿಗೆ ಹೋಗುವ ಮಗುವಾದರೆ ತಾನೇ ಬರೆಯಲಿ, ಒತ್ತಕ್ಷರ ತಪ್ಪಿದರೆ ತಪ್ಪಲಿ.

ಕೇಳುವ ಪ್ರಶ್ನೆಯಲ್ಲಿ ಎಚ್ಚರ ಬೇಕು. "ಚೆನ್ನಾಗಿದೆಯಾ?" ಎಂದರೆ "ಹೂಂ" ಬರುತ್ತದೆ, ಅಷ್ಟೇ. ಹೋಲಿಸುವ ಪ್ರಶ್ನೆ ಕೇಳಿ.

"ಯಾವುದು ಹೆಚ್ಚು ಹಳದಿ?"

"ಬೆಳಗ್ಗೆಗಿಂತ ಈಗ ಏನು ಬದಲಾಗಿದೆ?"

"ಸೋಫಾ ಪಕ್ಕ ಇಟ್ಟರೆ ಯಾವುದು ಹೊಂದುತ್ತೆ? ಯಾಕೆ?"

ನಮ್ಮ ಮಕ್ಕಳ ಕನ್ನಡದಲ್ಲಿ ಕೊರತೆ ಇರುವುದು ಇಲ್ಲೇ. ಹಣ್ಣಿನ ಹೆಸರು, ಪ್ರಾಣಿಯ ಹೆಸರು, ಒಂದರಿಂದ ನೂರು ಬರುತ್ತದೆ. "ಅದಕ್ಕಿಂತ", "ಯಾಕೆಂದರೆ", "ಆದರೂ", "ಹಾಗಿದ್ದರೆ" ಬರುವುದಿಲ್ಲ. ಅಭಿಪ್ರಾಯದ ವ್ಯಾಕರಣ ಎಂದರೆ ಈ ನಾಲ್ಕು ಮಾತು. ಒಂದು ವಾರ ಎರಡು ರಟ್ಟಿನ ಮುಂದೆ ನಿಂತರೆ ಇವು ಎಷ್ಟು ಸಲ ಬೇಕಾಗುತ್ತವೆ ನೋಡಿ.

ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ತಿದ್ದಲು ಹೋಗಬೇಡಿ. "ಇಟ್ ಲುಕ್ಸ್ ಮಡ್ಡಿ ಅಟ್ ನೈಟ್" ಎಂದಿತು ಅನ್ನಿ. "ಹೌದಾ, ರಾತ್ರಿ ಮಣ್ಣು ಮಣ್ಣಾಗಿ ಕಾಣುತ್ತಾ? ಎರಡೂ ಹಾಗೇನಾ, ಗೋಧಿ ಮಾತ್ರಾನಾ?" ಎಂದು ಕೇಳಿ. ಅದರ ಮಾತೇ ಕನ್ನಡದಲ್ಲಿ ವಾಪಸ್ ಸಿಕ್ಕಿತು, ಜೊತೆಗೆ ಮುಂದಿನ ಪ್ರಶ್ನೆಯೂ ಬಂತು. ಮೂರನೆಯ ದಿನಕ್ಕೆ "ಮಣ್ಣು ಮಣ್ಣು" ಅದರದ್ದೇ ಪದವಾಗಿರುತ್ತದೆ.

ಅಡುಗೆಮನೆಯ ಶೇಡ್ ಕಾರ್ಡ್

ಛಾಯೆ ಎಂಬುದು ಒಂಟಿಯಾಗಿ ಕಾಣುವ ವಸ್ತುವಲ್ಲ. ಪಕ್ಕದಲ್ಲಿ ಇನ್ನೊಂದು ಬಣ್ಣ ಇಟ್ಟಾಗಲೇ ಅದು ಹೊರಗೆ ಬರುವುದು. ಬಣ್ಣದ ಕೆಲಸದವರು ಬಿಳಿ ಹಾಳೆ ಪಕ್ಕ ಇಟ್ಟು ನೋಡುತ್ತಾರೆ. ನೀವು ಅಡುಗೆಮನೆಯ ಡಬ್ಬಿಗಳನ್ನು ತೆರೆಯಿರಿ. ಆರು ಬಟ್ಟಲು ಸಾಕು: ಉಪ್ಪು, ಅಕ್ಕಿಹಿಟ್ಟು, ರವೆ, ಗೋಧಿಹಿಟ್ಟು, ರಾಗಿಹಿಟ್ಟು, ದೇವರ ಮನೆಯ ವಿಭೂತಿ. ರಟ್ಟಿನ ಕೆಳಗೆ ಸಾಲಾಗಿ ಇಡಿ. ಈಗ ಮಗುವಿಗೆ ಹೇಳಿ: "ಈ ಬಣ್ಣದ ಅಣ್ಣ ಯಾರು, ತಮ್ಮ ಯಾರು, ಹುಡುಕು."

ಉಪ್ಪಿನ ಪಕ್ಕ ಅಕ್ಕಿಹಿಟ್ಟು ಇಟ್ಟಾಗಲೇ ಬಿಳಿಯಲ್ಲೂ ಎಷ್ಟು ಬಗೆ ಎಂದು ಮಗುವಿಗೆ ಗೊತ್ತಾಗುತ್ತದೆ. ರಾಗಿಹಿಟ್ಟು ನೋಡಿದರೆ ಅದು ಬೂದಿಯೂ ಹೌದು, ಕಂದೂ ಹೌದು, ಒಳಗೆಲ್ಲೋ ನಸುಗೆಂಪೂ ಹೌದು. ಇಲ್ಲಿನ ಅಂಗಡಿಯವರು ಗ್ರೇಜ್ ಎಂದು ಕರೆಯುವ ಬಣ್ಣಗಳ ಗುಟ್ಟೂ ಇದೇ, ಬೂದು ಮತ್ತು ಗೋಧಿಯ ಬೆರಕೆ. ರಾಗಿ ಅಂಬಲಿಗೆ ಮಜ್ಜಿಗೆ ಸುರಿದಂತೆ ಎಂದರೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಕನ್ನಡ ತನ್ನ ಬಣ್ಣಗಳನ್ನು ಬಹುಪಾಲು ವಸ್ತುಗಳಿಂದಲೇ ಪಡೆದಿದೆ. ಬೂದು ಬಂದದ್ದು ಬೂದಿಯಿಂದ. ನೇರಳೆ, ಕಿತ್ತಳೆ ಹಣ್ಣಿನ ಹೆಸರುಗಳು. ಹಸಿರಿನೊಳಗೆ ಹಸಿ ಇದೆ. ಬಿಳಿಯ ಬಳಗವಂತೂ ದೊಡ್ಡದು, ಬೆಳಕು, ಬೆಳಗು, ಬೆಳ್ಳಿ, ಬೆಳದಿಂಗಳು ಎಲ್ಲ ಒಂದೇ ಬೇರಿನವು. ಬೆಳ್ಳುಳ್ಳಿ ಎಂದರೆ ಬಿಳಿಯ ಉಳ್ಳಿ ಎಂದು ಹೇಳಿ ನೋಡಿ, ಮಗು ಅಡುಗೆಮನೆಗೆ ಓಡಿಹೋಗಿ ನೋಡಿಕೊಂಡು ಬರುತ್ತದೆ. ಆದರೆ ವಸ್ತುವನ್ನೇ ಕಾಣದ ಮಗುವಿಗೆ ಹೆಸರು ಬರೀ ಸದ್ದು. ಕಟ್ಟಿಗೆ ಒಲೆ ಇಲ್ಲದ ಡ್ಯಾನ್‌ವಿಲ್‌ನಲ್ಲಿ ಬೂದಿ ಎಲ್ಲಿದೆ? ಹಿತ್ತಲಿನ ಗ್ರಿಲ್‌ನಲ್ಲಿದೆ, ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ಹಣೆಗಿಟ್ಟುಕೊಳ್ಳುವ ವಿಭೂತಿಯಲ್ಲಿದೆ. ದೊಡ್ಡ ಮಕ್ಕಳಿಗೆ 2020ರ ಸೆಪ್ಟೆಂಬರ್ 9 ನೆನಪಿರಬಹುದು. ಕಾಡ್ಗಿಚ್ಚಿನ ಹೊಗೆಗೆ ಬೇ ಏರಿಯಾದ ಆಕಾಶ ಹಗಲಲ್ಲೇ ಕಿತ್ತಳೆಯಾಗಿತ್ತು. ಬೂದಿ, ಕಿತ್ತಳೆ ಎರಡೂ ಮಾತಿಗೆ ಅವರ ಬದುಕಿನಲ್ಲೇ ಜಾಗ ಇದೆ, ನಾವು ತೋರಿಸಬೇಕಷ್ಟೆ.

ಬಣ್ಣದ ಹೆಸರಿಗೆ ಮುಂದೆ ಹಚ್ಚುವ ಮಾತುಗಳನ್ನೂ ಈ ವಾರ ಬಳಕೆಗೆ ತನ್ನಿ: ತಿಳಿ, ಎಳೆ, ನಸು, ಕಡು, ಅಚ್ಚ, ಮಾಸಲು. ತಿಳಿನೀಲಿ, ಎಳೆಹಸಿರು, ನಸುಗೆಂಪು, ಕಡುಗಂದು, ಅಚ್ಚಬಿಳಿ, ಮಾಸಲು ಬಿಳಿ. ಆರು ಮುನ್ನುಡಿ, ಎಂಟು ಹತ್ತು ಬಣ್ಣ. ಗುಣಿಸಿದರೆ ಮಗುವಿನ ಬಳಿ ಅಂಗಡಿಯವರದಷ್ಟೇ ದೊಡ್ಡ ಶೇಡ್ ಕಾರ್ಡ್ ಇರುತ್ತದೆ. ಇಷ್ಟಾನಿಷ್ಟ ಹೇಳುವ ಮಾತುಗಳೂ ಇವೆ. ಕಣ್ಣಿಗೆ ತಂಪು, ಕಣ್ಣು ಕುಕ್ಕುತ್ತೆ, ಮಂಕು, ಸಪ್ಪೆ, ಎದ್ದು ಕಾಣುತ್ತೆ. ಗೋಡೆಯ ಬಣ್ಣವನ್ನು ಉಪ್ಪಿಲ್ಲದ ಸಾರಿನಂತೆ "ಸಪ್ಪೆ" ಎನ್ನಬಹುದು ಎಂದು ಗೊತ್ತಾದ ಮಗು ಆ ಮಾತನ್ನು ಸುಲಭಕ್ಕೆ ಬಿಡುವುದಿಲ್ಲ.

ಇದೆಲ್ಲ ನಮ್ಮ ಹೊರಗಿನವರಿಗೂ ಕುತೂಹಲ ಹುಟ್ಟಿಸಿದ ವಿಷಯ. ಕಾಲ್ಡೆಕಾಟ್ ಸುರಂಗ ದಾಟಿದರೆ ಸಿಗುವ ಬರ್ಕ್ಲಿಯಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಎಂಬ ವಿದ್ವಾಂಸರು ಭಾಷೆಗಳ ಮೂಲ ಬಣ್ಣಪದಗಳ ಬಗ್ಗೆ 1969ರಲ್ಲಿ ಪ್ರಕಟಿಸಿದ ಪುಸ್ತಕ ಇವತ್ತಿಗೂ ಚರ್ಚೆಯಲ್ಲಿದೆ. ಅವರು 20 ಭಾಷೆಗಳ ಜನರ ಮುಂದೆ ಬಣ್ಣದ ಚೂರುಗಳನ್ನು ಇಟ್ಟು, ಯಾವ ಪದ ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಗುರುತು ಮಾಡಿಸಿದರು. ಆ ಜನರಲ್ಲಿ ಹೆಚ್ಚಿನವರು ಸಿಕ್ಕಿದ್ದು ಇದೇ ಬೇ ಏರಿಯಾದಲ್ಲಿ, ನಮ್ಮ ಹಾಗೆ ಬೇರೆ ಊರಿನಿಂದ ಬಂದು ನೆಲೆಸಿದವರು. ನಿಮ್ಮ ಲಿವಿಂಗ್ ರೂಮ್‌ನಲ್ಲಿ ಈ ವಾರ ನಡೆಯುವುದೂ ಅದೇ ಕೆಲಸದ ಪುಟ್ಟ ರೂಪ.

ಅಜ್ಜಿಗೆ ಫೋನ್

ವಾರದ ಮಧ್ಯದಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಿ, ರಟ್ಟುಗಳನ್ನು ತೋರಿಸಲು ಮಗುವಿಗೆ ಹೇಳಿ. ಇಲ್ಲಿ ಒಂದು ತೊಡಕು ಬರುತ್ತದೆ, ಅದು ನಮಗೆ ಲಾಭವೇ. ಫೋನ್ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಮೈಸೂರಿನ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

"ಎರಡೂ ಬಿಳೀನೇ ಅಲ್ವೇನೋ ಪುಟ್ಟ?"

"ಅಲ್ಲ ಅಜ್ಜಿ, ಒಂದು ಬೂದಿ."

"ಬೂದಿ ಅಂದ್ರೆ? ಒಲೆ ಬೂದೀನಾ, ವಿಭೂತೀನಾ?"

"ವಿಭೂತಿಗಿಂತ ಸ್ವಲ್ಪ ಕಪ್ಪು. ಆದ್ರೆ ರಾಗಿಗಿಂತ ಬೆಳ್ಳಗಿದೆ."

ಕಣ್ಣಿಗೆ ಕಾಣದ್ದನ್ನು ಮಾತಿನಲ್ಲೇ ಕಾಣಿಸಬೇಕು. ಕ್ಯಾಮೆರಾ ಸೋತಲ್ಲಿ ಕನ್ನಡ ಕೆಲಸ ಮಾಡಬೇಕು. "ಅಜ್ಜಿಗೆ ನಮಸ್ಕಾರ ಹೇಳು, ಊಟ ಆಯ್ತಾ ಕೇಳು" ಎಂದು ನಾವು ಬಾಯಿಗೆ ತುರುಕುವ ಮಾತಿಗೂ ಇದಕ್ಕೂ ಬಹಳ ವ್ಯತ್ಯಾಸ. ಅಜ್ಜಿಗೆ ಗೊತ್ತಿಲ್ಲದ್ದು ಮಗುವಿಗೆ ಗೊತ್ತಿದೆ, ಅದನ್ನು ಹೇಳಲು ಬೇರೆ ದಾರಿಯಿಲ್ಲ. ಪಕ್ಕದಲ್ಲಿ ಕೂತು ಅನುವಾದ ಮಾಡಬೇಡಿ. ಮಗು ತಡವರಿಸಲಿ, ಅಜ್ಜಿ ಮತ್ತೆ ಕೇಳಲಿ.

ಆಮೇಲೆ ಅಜ್ಜಿಯನ್ನು ಕೇಳಲು ಮಗುವಿಗೆ ಒಂದು ಪ್ರಶ್ನೆ ಕೊಡಿ: "ನಿಮ್ಮ ಮನೆಗೆ ಮುಂಚೆ ಯಾವ ಬಣ್ಣ ಹೊಡೀತಿದ್ರಿ?" ನಮ್ಮ ಮಾತಿನಲ್ಲಿ ಮನೆಗೆ ಮಾಡಿಸುವುದು ಇವತ್ತಿಗೂ "ಸುಣ್ಣಬಣ್ಣ". ಯುಗಾದಿಗೋ ದೀಪಾವಳಿಗೋ ಮೊದಲು ಗೋಡೆಗೆ ಸುಣ್ಣ ಬಳಿಯುವಾಗ ಅದಕ್ಕೆ ಒಂದು ಚಿಟಿಕೆ ನೀಲಿ ಬೆರೆಸುತ್ತಿದ್ದರು, ಬಟ್ಟೆಗೆ ಹಾಕುವ ಅದೇ ನೀಲಿ. ಬಿಳಿಗೆ ನೀಲಿ ಯಾಕೆ? ಸುಣ್ಣದಲ್ಲಿ ಉಳಿದ ನಸುಹಳದಿಯನ್ನು ನೀಲಿ ಹೊಡೆದುಹಾಕುತ್ತದೆ, ಗೋಡೆ ಇನ್ನೂ ಬೆಳ್ಳಗೆ ಕಾಣುತ್ತದೆ. ಹೆಚ್ಚಾದರೆ ಗೋಡೆಯೇ ನೀಲಿ. ಪೇಂಟ್ ಅಂಗಡಿಯ ಯಂತ್ರ ಬಿಳಿ ಡಬ್ಬಿಗೆ ಹನಿ ಹನಿಯಾಗಿ ಬಣ್ಣ ಸೇರಿಸುವುದೂ ಇದೇ ವಿದ್ಯೆ. ಸುಣ್ಣ ಹಸಿ ಇದ್ದಾಗ ಗೋಡೆ ಸರಿಯಾಗಿ ಮುಚ್ಚಿದಂತೆಯೇ ಕಾಣುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. "ಒಣಗಿದ ಮೇಲೆ ನೋಡು" ಎಂದು ಅಜ್ಜಿ ಹೇಳಿದರೆ ರಟ್ಟಿನ ವಿಷಯದಲ್ಲಿ ನೀವು ಹೇಳಿದ್ದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು. ಸಾಗರದ ಕಡೆಯ ನೆಂಟರಿದ್ದರೆ ದೀವರ ಮನೆಗಳ ಹಸೆ ಚಿತ್ತಾರದ ಬಗ್ಗೆ ಕೇಳಿಸಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದು ಮಾಡಿದ ಬಿಳಿಯ ಗೆರೆಗಳು. ಅಲ್ಲೂ ಬಣ್ಣ ಬಂದದ್ದು ಹಿತ್ತಲು ಮತ್ತು ಅಡುಗೆಮನೆಯಿಂದ.

ಒಂದು ಸೂಕ್ಷ್ಮ

ಗೋಧಿ ಬಣ್ಣ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಓದಿದ್ದು ವಧೂವರರ ಜಾಹೀರಾತಿನಲ್ಲಿ. ಮಕ್ಕಳೂ ಊರಿನ ಫೋನಿನಲ್ಲಿ "ಬಿಸಿಲಲ್ಲಿ ಆಡಿ ಎಷ್ಟು ಕಪ್ಪಾಗಿಬಿಟ್ಟಿದೆ ಮಗು" ಎಂಬ ಮಾತು ಕೇಳಿರುತ್ತಾರೆ. ಬಣ್ಣದ ಕನ್ನಡ ಕಲಿಸುವಾಗ ಈ ನೆರಳು ಜೊತೆಗೇ ಬರುತ್ತದೆ. "ಕಪ್ಪು ಬೇಡ, ಬೆಳ್ಳಗಿರೋದು ಚೆಂದ" ಎಂದು ನೀವು ಗೋಡೆಯ ಬಗ್ಗೆ ಆಡಿದ ಮಾತನ್ನು ಮಗು ತನ್ನ ಕೈಗೆ ಅನ್ವಯಿಸಿಕೊಳ್ಳಬಹುದು. ಕಾರಣ ಸೇರಿಸಿ ಹೇಳುವುದು ಸುಲಭದ ಪರಿಹಾರ: "ಈ ಕೋಣೆಗೆ ಬೆಳಕು ಕಡಿಮೆ, ಅದಕ್ಕೇ ತಿಳಿಬಣ್ಣ." ಕಪ್ಪಿಗೂ ಅದರ ಮರ್ಯಾದೆ ಕೊಡಿ. ಕಾರ್ಮುಗಿಲು, ಕರಿಬೇವು, ಹತ್ತಿ ಜೋಳ ಬೆಳೆಯುವ ಎರೆಮಣ್ಣು, ಕೃಷ್ಣ ಎಂಬ ಹೆಸರು. ಕರುನಾಡು ಎಂದರೆ ಕಪ್ಪು ಮಣ್ಣಿನ ನಾಡು ಎಂಬ ವಿವರಣೆಯೂ ಇದೆ ಎಂದು ಹೇಳಿ. ಅಜ್ಜಿಯ ಮಾತನ್ನು ಫೋನಿನಲ್ಲಿ ತಿದ್ದಲಾಗದಿದ್ದರೆ ಫೋನ್ ಇಟ್ಟ ಮೇಲಾದರೂ ಮಗುವಿನ ಜೊತೆ ಮಾತಾಡಿ, ಅದೂ ಕನ್ನಡದಲ್ಲೇ. ನೋವು ಕೊಟ್ಟ ಭಾಷೆಯಲ್ಲೇ ಸಮಾಧಾನವೂ ಸಿಗಬೇಕು.

ಶನಿವಾರದ ತೀರ್ಪು

ವಾರದ ಕೊನೆಗೆ ಎಲ್ಲರೂ ಕುಳಿತು ಹಾಳೆಯನ್ನು ಓದಿ. ಒಬ್ಬೊಬ್ಬರಿಗೂ ಒಂದು ಮತ, ಪ್ರತಿ ಮತಕ್ಕೂ ಒಂದು "ಯಾಕೆಂದರೆ". ಅಪ್ಪ ಅಮ್ಮನ ನಡುವೆ ಭಿನ್ನಾಭಿಪ್ರಾಯ ಇದ್ದರೆ ಅಡುಗೆಮನೆಗೆ ಹೋಗಿ ಇಂಗ್ಲಿಷಿನಲ್ಲಿ ಬಗೆಹರಿಸಿಕೊಳ್ಳಬೇಡಿ. ಮಕ್ಕಳ ಎದುರೇ, ಕನ್ನಡದಲ್ಲೇ, ದನಿ ಏರಿಸದೆ ವಾದ ಮಾಡಿ. "ನೀವು ಹೇಳೋದು ಸರಿ, ಆದರೆ ರಾತ್ರಿ ಹೊತ್ತು ಅದು ಮಂಕಾಗುತ್ತಲ್ಲ" ಎಂಬಂಥ ವಾಕ್ಯವನ್ನು ಮಕ್ಕಳು ಬೇರೆ ಎಲ್ಲಿ ಕೇಳಬೇಕು? ಕನ್ನಡದಲ್ಲಿ ಗೌರವವಾಗಿ ಒಪ್ಪದೇ ಇರುವುದು ಹೇಗೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಸಿಗದ ಪಾಠ. ನಿಮ್ಮ ಸಂಗಾತಿ ಕನ್ನಡದವರಲ್ಲದಿದ್ದರೆ ಮಗುವೇ ದುಭಾಷಿಯಾಗಲಿ, ಎರಡೂ ಕಡೆಯ ಕಾರಣಗಳನ್ನು ಆ ಕಡೆ ಈ ಕಡೆ ದಾಟಿಸಲಿ.

ಹದಿಹರೆಯದವರಿದ್ದರೆ ಅವರಿಗೆ ಅವರದೇ ಕೋಣೆಯನ್ನು ಬಿಟ್ಟುಕೊಡಿ. ಷರತ್ತು ಒಂದೇ, ತನ್ನ ಆಯ್ಕೆಯನ್ನು ಐದು ನಿಮಿಷ ಕನ್ನಡದಲ್ಲಿ ಸಮರ್ಥಿಸಬೇಕು. ಮಧ್ಯೆ ಇಂಗ್ಲಿಷ್ ಪದ ಬಂದರೆ ಬರಲಿ, ವಾಕ್ಯ ಕನ್ನಡದ್ದಾಗಿರಲಿ.

ಆಮೇಲೆ ಬಹಳ ಮುಖ್ಯವಾದದ್ದು. ಮತ ಎಣಿಸಿದ ಮೇಲೆ ಫಲಿತಾಂಶಕ್ಕೆ ತಲೆಬಾಗಿ. ಕೇಳಿ, ಬರೆದುಕೊಂಡು, ಕೊನೆಗೆ "ಪೇಂಟರ್ ಅಂಕಲ್ ಇದೇ ಚೆನ್ನಾಗಿದೆ ಅಂದ್ರು" ಎಂದು ನಿಮಗಿಷ್ಟವಾದದ್ದನ್ನೇ ಹೊಡೆಸಿದರೆ ಮಗು ಕಲಿಯುವುದು ಒಂದೇ ವಿಷಯ: ಕನ್ನಡದಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅಂಥ ಪಾಠ ಕಲಿಸುವುದಕ್ಕಿಂತ ಕೇಳದೇ ಇರುವುದು ಮೇಲು. ಎರಡೂ ನಿಮಗೆ ಒಪ್ಪಿಗೆಯಾದ ಬಣ್ಣವೇ ಇರಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಡಬ್ಬಿಯ ಲೆಕ್ಕ

ಕೊಳ್ಳುವ ಮೊದಲು ಒಂದು ಗಣಿತ. ಟೇಪು ಹಿಡಿದು ಅಳೆಯುವುದು ಮಕ್ಕಳ ಕೆಲಸ, ಲೆಕ್ಕ ಕನ್ನಡದಲ್ಲಿ. 16 ಅಡಿ ಉದ್ದ, 14 ಅಡಿ ಅಗಲದ ಕೋಣೆಯ ಸುತ್ತಳತೆ 60 ಅಡಿ. ಗೋಡೆಯ ಎತ್ತರ 9 ಅಡಿ ಆದರೆ 540 ಚದರಡಿ. ಬಾಗಿಲು ಕಿಟಕಿಗೆ 60 ಕಳೆದರೆ 480. ಎರಡು ಕೋಟ್ ಎಂದರೆ 960. ಒಂದು ಗ್ಯಾಲನ್ ಸುಮಾರು 350ರಿಂದ 400 ಚದರಡಿಗೆ ಸಾಕಾಗುತ್ತದೆ. ಹಾಗಾದರೆ ಎಷ್ಟು ಗ್ಯಾಲನ್? ಉತ್ತರ ಮೂರು ಎಂದು ನೀವು ಹೇಳಬೇಡಿ.

ಸುರಕ್ಷೆಯ ಮಾತೂ ಇರಲಿ. ನಿಮ್ಮ ಮನೆ 1978ಕ್ಕಿಂತ ಹಳೆಯದಾದರೆ ಹಳೆಯ ಪದರಗಳಲ್ಲಿ ಸೀಸ ಇರಬಹುದು, ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು ಆ ವರ್ಷ. ಅಂಥ ಗೋಡೆಯನ್ನು ನೀವೇ ಉಜ್ಜಲು ಹೋಗಬೇಡಿ, ಪರೀಕ್ಷೆ ಮಾಡಿಸಿ, ಸೀಸದ ಕೆಲಸಕ್ಕೆ ಪ್ರಮಾಣಪತ್ರ ಇರುವವರನ್ನು ಕರೆಸಿ. ಆ ಧೂಳು ಆರು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು ಅಪಾಯಕಾರಿ. ಹೊಸ ಬಣ್ಣದಲ್ಲಿ ಸೊನ್ನೆ ವಿಒಸಿ ಅಥವಾ ಕಡಿಮೆ ವಿಒಸಿ ಎಂದು ಬರೆದಿರುವುದನ್ನು ಆರಿಸಿ, ಕಿಟಕಿ ತೆರೆದಿಡಿ. ಉಳಿದ ಬಣ್ಣವನ್ನು ಕಸದ ಡಬ್ಬಿಗೋ ಚರಂಡಿಗೋ ಸುರಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಪೇಂಟ್‌ಕೇರ್ ಎಂಬ ವ್ಯವಸ್ಥೆ ಇದೆ, ಅದಕ್ಕೆ ಸೇರಿದ ಪೇಂಟ್ ಅಂಗಡಿಗಳು ಉಳಿದ ಡಬ್ಬಿಗಳನ್ನು ವಾಪಸ್ ತೆಗೆದುಕೊಳ್ಳುತ್ತವೆ.

ಒಂದು ಸಣ್ಣ ಬಾಟಲಿಯಷ್ಟು ಮಾತ್ರ ಎತ್ತಿಟ್ಟುಕೊಳ್ಳಿ. ಗೋಡೆಗೆ ಸೈಕಲ್ ತಾಗುತ್ತದೆ, ಕ್ರೇಯಾನ್ ಬೀಳುತ್ತದೆ, ಮತ್ತೆ ಬೇಕಾಗುತ್ತದೆ. 1946ರಲ್ಲಿ ಸ್ಯಾನ್ ಕಾರ್ಲೋಸ್‌ನಲ್ಲಿ ಶುರುವಾಗಿ ಬೇ ಏರಿಯಾದ ಅದೆಷ್ಟೋ ಮನೆಗಳಿಗೆ ಬಣ್ಣ ಕೊಟ್ಟ ಕೆಲ್ಲಿ-ಮೂರ್ ಕಂಪನಿ 2024ರ ಜನವರಿಯಲ್ಲಿ ಅಂಗಡಿಗಳನ್ನು ಮುಚ್ಚಿತು. ಈಗ ಆ ಬಣ್ಣ ಬೇಕೆಂದವರು ಹಳೆಯ ಡಬ್ಬಿಯ ಮೇಲಿನ ಸಂಖ್ಯೆಯನ್ನೋ ಬಣ್ಣದ ಚೂರನ್ನೋ ಬೇರೆ ಅಂಗಡಿಗೆ ಒಯ್ದು ಹೊಂದಿಸಿಕೊಳ್ಳಬೇಕು. ನೀವೂ ಕಂಪನಿಯ ಹೆಸರು, ಸಂಖ್ಯೆ, ತಾರೀಖು ಬರೆದಿಡಿ, ರಟ್ಟಿನ ಒಂದು ಚೂರನ್ನೂ ಜೊತೆಗಿಡಿ. ಅದರ ಕೆಳಗೆ ಮಗುವಿನ ಕೈಯಲ್ಲಿ ಕನ್ನಡದಲ್ಲಿ ಬರೆಸಿ: "ಗೋಧಿ. ನಡುಮನೆ. ಯಾಕೆಂದರೆ ರಾತ್ರಿಯೂ ಬೆಚ್ಚಗೆ ಕಾಣುತ್ತೆ." ಬೂದಿ ಗೆದ್ದಿದ್ದರೆ ಅದರ "ಯಾಕೆಂದರೆ" ಬರೆಸಿ.